ಹಲಸೂರಿನ ತಾತ, ಟೆಕಾಂಗಿನ ಮೊಮ್ಮಗ

ಪ್ರೀತಿಯ ಓದುಗರೇ,

ಸಿಂಗಪುರದ ನಮ್ಮ ಕನ್ನಡದ ಮನೆಗಳಲ್ಲಿ ಗಂಡುಮಕ್ಕಳಿಗೆ ಹದಿನೆಂಟು ತುಂಬುತ್ತಿದ್ದ ಹಾಗೆ ನ್ಯಾಷನಲ್ ಸರ್ವಿಸ್‌ನ, ಅಂದರೆ ಸಮವಸ್ತ್ರ ತೊಟ್ಟು ದೇಶಕ್ಕೆ ಮಾಡುವ ಸೇವೆಯ ಮಾತು ಶುರುವಾಗುತ್ತದೆ. ನಾಗರಿಕರ ಮಕ್ಕಳಿಗೆ ಮಾತ್ರ ಅಲ್ಲ, ಅಪ್ಪ-ಅಮ್ಮನ ಜೊತೆ ಪಿಆರ್ (ಕಾಯಂ ನಿವಾಸಿ) ಆದ ಹುಡುಗರಿಗೂ ಎರಡು ವರ್ಷ ಕಡ್ಡಾಯ. ಸೇನೆಗೆ ಆಯ್ಕೆಯಾದವರಲ್ಲಿ ಹೆಚ್ಚಿನವರು ಚಾಂಗಿಯಿಂದ ಫೆರ್ರಿ ಹತ್ತಿ ಮೊದಲ ತರಬೇತಿಗೆ ಪುಲಾವ್ ಟೆಕಾಂಗ್ ದ್ವೀಪಕ್ಕೆ ಹೋಗುತ್ತಾರೆ. ಆ ದಿನ ಮನೆಯವರೂ ಜೊತೆಗೆ ಹೋಗಬಹುದು. ಕ್ಯಾಂಪ್ ನೋಡಿ, ಅಲ್ಲೇ ಊಟ ಮಾಡಿ, ಮಗನ ಬೆನ್ನು ಸವರಿ ವಾಪಸ್ ಬರುತ್ತಾರೆ. ಮಗ ಅಲ್ಲೇ ಉಳಿಯುತ್ತಾನೆ.

ಹೊರಡುವ ಮುಂಚೆ ಹುಡುಗ ಅಪ್ಪನನ್ನು ಕೇಳುತ್ತಾನೆ, ಅಲ್ಲಿ ಹೇಗಿರುತ್ತೆ ಅಂತ. ಅಪ್ಪನಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಕಂಪ್ಯೂಟರ್ ಕೆಲಸಕ್ಕೋ ಬ್ಯಾಂಕ್ ಕೆಲಸಕ್ಕೋ ಬಂದವರು, ಕಾಲೇಜಿನ ಎನ್‌ಸಿಸಿ ಬಿಟ್ಟರೆ ಸಮವಸ್ತ್ರ ತೊಟ್ಟವರಲ್ಲ. ಆದರೆ ಊರಿಂದ ಮಗನ ಮನೆಗೆ ಬಂದು ಎರಡು ಮೂರು ತಿಂಗಳು ಇದ್ದು ಹೋಗುವ ತಾತಂದಿರಲ್ಲಿ ಸೇನೆಯಲ್ಲಿದ್ದವರು ಕೆಲವರಿದ್ದಾರೆ. ಕೊಡಗಿನವರು, ಬೆಳಗಾವಿ ಕಡೆಯವರು, ವಿಜಯಪುರದವರು. ಅವರ ಹತ್ತಿರ ನಾವು ಕೂತು ಕೇಳಬೇಕಾದ್ದು ಜಾಸ್ತಿ ಇದೆ.

ಸೋಮವಾರಪೇಟೆ ಕಡೆಯ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಹೆಸರು ಬೇಡ ಅಂದಿದ್ದಾರೆ. 1969ರಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದವರು. 1780ರಲ್ಲಿ ಶುರುವಾದ ಪಡೆ ಅದು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ಹೂಳುವುದು, ತೆಗೆಯುವುದು ಅವರ ಕಸುಬು. ಅಲ್ಲಿನ ಸೈನಿಕರನ್ನು ಇವತ್ತಿಗೂ 'ತಂಬಿ' ಅಂತಲೇ ಕರೆಯುತ್ತಾರೆ. ಇವರ ಮೊಮ್ಮಗ ಹೋದ ವರ್ಷ ಟೆಕಾಂಗ್‌ಗೆ ಹೋದ. ವಾರದ ಕೊನೆಗೆ ಮನೆಗೆ ಬಂದವನು ಒಮ್ಮೆ ಕಾರಿಡಾರಿನಲ್ಲಿ ಕೂತು ಪರೇಡಿನ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ತಾತ ನೋಡುತ್ತಾ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಸುಮ್ನೆ ಪಕ್ಕದಲ್ಲಿ ಕೂತು ಇನ್ನೊಂದು ಬೂಟು ಎತ್ತಿಕೊಂಡರು.

ಹುಡುಗ ಹತ್ತಿಯಲ್ಲಿ ಉಜ್ಜುತ್ತಿದ್ದ. ತಾತ ಹಳೆಯ ಬನಿಯನ್ ತುಂಡು ಕೇಳಿದರು, ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಅಂಗೈಯಲ್ಲಿ ಬಟ್ಟೆಯ ತುದಿ ಹಿಡಿದು, ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಹನಿ ನೀರು ಹಾಕಿಕೊಂಡು, ಬೂಟಿನ ಮೂತಿಯ ಮೇಲೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸಣ್ಣ ಸಣ್ಣ ಸುತ್ತು ಹಾಕತೊಡಗಿದರು. ಒತ್ತಬಾರದು. ಪಾಲಿಶ್ ಜಾಸ್ತಿ ತೆಗೆದುಕೊಳ್ಳಬಾರದು. ಮೊದಲು ಮಂಕಾಗುತ್ತದೆ, ಆಗ ಬಿಡಬಾರದು. 'ಅವಸರ ಮಾಡಿದ್ರೆ ಬಿರುಕು ಬಿಡುತ್ತೆ ಕಣೋ ಮಗ' ಅಂದರು. ಅರ್ಧ ಗಂಟೆಗೆ ಎರಡೂ ಬೂಟು ಒಂದೇ ಹೊಳಪಿಗೆ ಬಂದವು. ಅಷ್ಟು ಹೊತ್ತು ಅವರಿಬ್ಬರೂ ಮಾತಾಡಿದ್ದು ತರಬೇತಿ ಕೊಡುವ ಉಸ್ತಾದರ ವಿಷಯ, ಸಾರ್ಜೆಂಟ್ ವಿಷಯ, ಹಾಸಿಗೆ ಮೇಲೆ ಕಿಟ್ ಜೋಡಿಸುವ ವಿಷಯ. ಹುಡುಗನ ಅಮ್ಮ ನನಗೆ ಹೇಳಿದ್ದು, ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ಅವರು ಅದುವರೆಗೆ ನೋಡಿರಲೇ ಇಲ್ಲವಂತೆ.

ಇಬ್ಬರ ತರಬೇತಿಗೂ ವ್ಯತ್ಯಾಸ ಬಹಳ ಇದೆ. ತಾತ ಸಾವಧಾನ್, ವಿಶ್ರಾಮ್ ಅಂತ ಹಿಂದಿಯಲ್ಲಿ ಕಲಿತರು. ಮೊಮ್ಮಗನ ಡ್ರಿಲ್ ಆಜ್ಞೆಗಳು ಮಲಯ ಭಾಷೆಯಲ್ಲಿ, ಸೆಡಿಯಾ, ಸೆನಾಂಗ್ ಡಿರಿ. ತಾತನ ಕೈಗೆ ಬಂದದ್ದು ಎಸ್‌ಎಲ್‌ಆರ್ ರೈಫಲ್. 1962ರ ಚೀನಾ ಯುದ್ಧದಲ್ಲಿ ಹಳೆಯ ಪಾಯಿಂಟ್ 303 ಹಿಡಿದು ನಿಂತ ಜವಾನರ ಕಥೆಗಳನ್ನು ಅವರ ಉಸ್ತಾದರು ಹೇಳುತ್ತಿದ್ದರಂತೆ. ಮೊಮ್ಮಗನದು ಇಲ್ಲೇ ತಯಾರಾದ ಸಾರ್ 21. ಬೆಳಿಗ್ಗೆ ಎಬ್ಬಿಸುವುದು, ಓಡಿಸುವುದು, ಸಾಲಿನಲ್ಲಿ ನಿಂತು ತಟ್ಟೆ ಹಿಡಿಯುವುದು ಮಾತ್ರ ಎರಡೂ ಕಡೆ ಒಂದೇ.

ಈ ದೇಶದ ನ್ಯಾಷನಲ್ ಸರ್ವಿಸ್‌ನ ಮೊದಲ ಬ್ಯಾಚಿನವರು ಈಗ ಎಂಬತ್ತರ ಹತ್ತಿರ ಇದ್ದಾರೆ. 1965ರಲ್ಲಿ ಸಿಂಗಪುರ ಸ್ವತಂತ್ರವಾದಾಗ ಸೇನೆ ಕಟ್ಟಲು ಮೊದಲು ಸಹಾಯ ಕೇಳಿದ್ದು ಭಾರತ ಮತ್ತು ಈಜಿಪ್ಟನ್ನು. ಅದು ಆಗಲಿಲ್ಲ, ಕೊನೆಗೆ ಬಂದವರು ಇಸ್ರೇಲಿನವರು. ಅವರು ಯಾರೆಂದು ಗೊತ್ತಾಗದಿರಲಿ ಅಂತ 'ಮೆಕ್ಸಿಕನ್ನರು' ಅಂತ ಕರೆಯುತ್ತಿದ್ದರು. 1967ರಲ್ಲಿ ಕಾನೂನು ಬಂತು, ಅದೇ ಆಗಸ್ಟ್‌ನಲ್ಲಿ ಮೊದಲ ಹುಡುಗರು ಸೇರಿದರು. ಒಳ್ಳೆ ಕಬ್ಬಿಣದಲ್ಲಿ ಮೊಳೆ ಮಾಡುವುದಿಲ್ಲ, ಒಳ್ಳೆ ಮಗನನ್ನು ಸಿಪಾಯಿ ಮಾಡುವುದಿಲ್ಲ ಅನ್ನುವ ಚೀನೀ ಗಾದೆ ಗೊತ್ತಿದ್ದ ಮನೆಗಳಿಂದ ಬಂದ ಹುಡುಗರು ಅವರಲ್ಲಿ ಬೇಕಾದಷ್ಟು ಜನ. ಗಂಡುಮಗು ಹುಟ್ಟಿದರೆ ಕೋವಿಯಿಂದ ಗುಂಡು ಹಾರಿಸುವ ಕೊಡಗಿನಿಂದ ಬಂದವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಹಳೇ ಮೈಸೂರಿನ ಎಷ್ಟೋ ತಾಯಂದಿರಿಗೆ ಆಶ್ಚರ್ಯ ಅನ್ನಿಸಲಿಕ್ಕಿಲ್ಲ!

ನಮ್ಮವರಿಗೂ ಈ ನೆಲಕ್ಕೂ ಅದಕ್ಕಿಂತ ಹಳೆಯ ನಂಟಿದೆ, ಮಕ್ಕಳಿಗೆ ಹೇಳಿ. ಮೈಸೂರು ಸಂಸ್ಥಾನದ ಕಾಲಾಳು ಪಡೆಯ ಒಂದು ಬೆಟಾಲಿಯನ್ 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಇಲ್ಲಿತ್ತು, ಸೆರೆ ಸಿಕ್ಕಿತು. 1945ರ ಸೆಪ್ಟೆಂಬರ್ 12ರಂದು ಜಪಾನೀಯರು ಇಲ್ಲಿ ಶರಣಾದಾಗ ಭಾರತದ ಪರವಾಗಿ ಹಾಜರಿದ್ದವರು ಮಡಿಕೇರಿಯ ಬ್ರಿಗೇಡಿಯರ್ ತಿಮ್ಮಯ್ಯ, ಮುಂದೆ ಭಾರತದ ಸೇನಾ ಮುಖ್ಯಸ್ಥರಾದವರು. ಭಾರತದಲ್ಲಿ ಅಧಿಕಾರಿಗಳ ಅಕಾಡೆಮಿ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದವರು ಅವರು. ಡೆಹ್ರಾಡೂನಿನ ಅಕಾಡೆಮಿ ಶುರುವಾಗಿದ್ದು 1932ರಲ್ಲಿ. ಕ್ರಾಂಜಿ ಯುದ್ಧ ಸ್ಮಾರಕಕ್ಕೆ ಹೋದರೆ ಗೋಡೆಯ ಮೇಲಿನ ಹೆಸರುಗಳನ್ನು ನಿಧಾನವಾಗಿ ಓದಿ.

ಈಗ ನಾನು ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. ನಮ್ಮ ಕೂಟಗಳಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು, ಹೆಚ್ಚಾಗಿ ಸೇನೆಯಲ್ಲಿ ಇರದೇ ಇದ್ದವರು, 'ಈಗಿನ ಹುಡುಗರಿಗೆ ಏನು ಟ್ರೈನಿಂಗ್ ಬಿಡಿ, ರಾತ್ರಿ ಏಳು ಗಂಟೆ ನಿದ್ದೆ, ಕೈಯಲ್ಲಿ ಮೊಬೈಲು, ನಮ್ಮ ಕಾಲದಲ್ಲಿ ಶಿಸ್ತು ಅಂದರೆ ಶಿಸ್ತು' ಅನ್ನುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಕಷ್ಟ ಕೊಟ್ಟಿದ್ದನ್ನೂ ಶಿಸ್ತು ಕಲಿಸಿದ್ದನ್ನೂ ನಾವು ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೇವೆ. ಎರಡನ್ನೂ ಬಿಡಿಸಿ ಹೇಳಬಲ್ಲವರು ಅದನ್ನು ಅನುಭವಿಸಿದವರು ಮಾತ್ರ.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಸೋಮವಾರಪೇಟೆಯ ತಾತ ಹೇಳಿದ್ದು: ಬೆನ್ನಿಗೆ ಪಿಟ್ಟು ಹೊತ್ತು ಮಾರ್ಚ್ ಹೊರಟರೆ ಉಸ್ತಾದ್ ಹೇಳುವವರೆಗೂ ಬಾಟಲಿಯ ಮುಚ್ಚಳ ಮುಟ್ಟುವ ಹಾಗಿರಲಿಲ್ಲ. ಬಾಯಾರಿಕೆ ತಡೆದುಕೊಂಡವನೇ ಗಟ್ಟಿಗ. ಟೆಕಾಂಗಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಓಟಕ್ಕೆ ಮುಂಚೆ 'ವಾಟರ್ ಪರೇಡ್' ಅಂತ ಎಲ್ಲರನ್ನೂ ನಿಲ್ಲಿಸಿ ನೀರು ಕುಡಿಸುತ್ತಾರೆ. ಬಿಸಿಲಲ್ಲಿ ದಣಿದವರು ತಣ್ಣೀರಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಮೈ ತಂಪು ಮಾಡಿಕೊಳ್ಳಲೂ ವ್ಯವಸ್ಥೆ ಇದೆ. ಇದನ್ನು ಮೆದು ಅನ್ನುವುದು ತಪ್ಪು. ಇಲ್ಲಿನ ಸೆಖೆಯಲ್ಲಿ ನೀರಿಲ್ಲದೆ ಓಡಿದರೆ ಮೈ ಬಿಸಿಯೇರಿ ಜೀವಕ್ಕೇ ಅಪಾಯ, ಬಾಯಾರಿಕೆಯನ್ನು ಅಭ್ಯಾಸ ಮಾಡಿಕೊಳ್ಳಲು ದೇಹಕ್ಕೆ ಬರುವುದಿಲ್ಲ. ತರಬೇತಿಯಲ್ಲಿ ಸಾವುಗಳಾದ ಮೇಲೆ 2019ರಲ್ಲಿ ಇಲ್ಲಿನ ಸೇನೆ ತರಬೇತಿಯ ವೇಗ ತಗ್ಗಿಸಿತು, ಸುರಕ್ಷತೆ ನೋಡಿಕೊಳ್ಳಲು ಇನ್ಸ್‌ಪೆಕ್ಟರ್ ಜನರಲ್ ಕಚೇರಿ ತೆರೆಯಿತು. ಮಗನನ್ನು ಕಳಿಸುವ ತಾಯಿಗೆ ಅದು ಎಷ್ಟು ದೊಡ್ಡ ಸಮಾಧಾನ, ಕೇಳಿ ನೋಡಿ. ಅಷ್ಟಾದರೂ ಬೇಸಿಕ್ ಟ್ರೈನಿಂಗ್ ಮುಗಿಯುವಾಗ ಆ ಹುಡುಗರು 24 ಕಿಲೋಮೀಟರ್ ಹೊರೆ ಹೊತ್ತು ನಡೆಯುತ್ತಾರೆ.

ಶಿಕ್ಷೆಯ ವಿಷಯವೂ ಹೀಗೇ. ಭಾರತದ ಸೇನೆಯಲ್ಲಿ ಇದ್ದವರಿಗೆ 'ರಗಡಾ' ಅಂದರೆ ಸಾಕು, ಮುಖದಲ್ಲಿ ನಗು ಬರುತ್ತದೆ. ರೈಫಲ್ ತಲೆ ಮೇಲೆ ಎತ್ತಿ ಮೈದಾನ ಸುತ್ತುವುದು, ಫ್ರಂಟ್ ರೋಲ್, ಕಪ್ಪೆ ಜಿಗಿತ. ಒಬ್ಬ ತಪ್ಪು ಮಾಡಿದರೆ ಇಡೀ ಸ್ಕ್ವಾಡ್‌ಗೆ. ಐವತ್ತು ವರ್ಷ ಆದ ಮೇಲೆ ಅದೆಲ್ಲ ಸಿಹಿಯಾಗಿ ಕಾಣುತ್ತದೆ, ಯಾಕೆಂದರೆ ಆಗ ಮೈಯಲ್ಲಿ ಶಕ್ತಿ ಇತ್ತು, ಪಕ್ಕದಲ್ಲಿ ಗೆಳೆಯರಿದ್ದರು. ಆದರೆ ನಾನು ತಾತನನ್ನು ಬಿಡದೆ ಕೇಳಿದೆ, ನಿಜವಾಗಿ ಕಲಿಸಿದ್ದು ಯಾವುದು ಅಂತ. ಅವರು ರಗಡಾ ಹೇಳಲಿಲ್ಲ. ಕಾಲಿಗೆ ಗುಳ್ಳೆ ಎದ್ದು ಕುಂಟುತ್ತಿದ್ದಾಗ ತಮ್ಮ ರೈಫಲನ್ನೂ ತನ್ನ ಹೆಗಲಿಗೆ ಹಾಕಿಕೊಂಡು ನಡೆದ ಒಬ್ಬ ತಮಿಳು ಹುಡುಗನ ಕಥೆ ಹೇಳಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಸರಿಯಾಗಿ ಬರುತ್ತಿರಲಿಲ್ಲವಂತೆ. ಅವನು 1971ರ ಯುದ್ಧದಿಂದ ವಾಪಸ್ ಬರಲಿಲ್ಲ. ಇನ್ನೊಂದು, ದಿನವೂ ರಾತ್ರಿ ಎಲ್ಲರ ಕಾಲು ಪರೀಕ್ಷೆ ಮಾಡಿಯೇ ಮಲಗುತ್ತಿದ್ದ ಒಬ್ಬ ಹವಾಲ್ದಾರರ ಕಥೆ. ಮತ್ತೊಬ್ಬ ಉಸ್ತಾದರು ಕೈ ಮಾಡುತ್ತಿದ್ದರಂತೆ. 'ಅವರಿಂದ ನಾನು ಹೆದರೋದು ಕಲಿತೆ, ಬೇರೇನೂ ಇಲ್ಲ' ಅಂದರು.

ಇವತ್ತು ಇಲ್ಲಿ ಕೈ ಮಾಡುವ ಹಾಗಿಲ್ಲ. ತಪ್ಪು ಮಾಡಿದವನಿಗೆ 'ಎಕ್ಸ್‌ಟ್ರಾ' ಕೊಡುತ್ತಾರೆ, ಶನಿವಾರ ಭಾನುವಾರ ಮನೆಗೆ ಬಿಡದೆ ಕ್ಯಾಂಪಿನಲ್ಲೇ ಡ್ಯೂಟಿ ಹಾಕುತ್ತಾರೆ. ಹತ್ತೊಂಬತ್ತರ ಹುಡುಗನಿಗೆ ಅದು ಸಣ್ಣ ಶಿಕ್ಷೆ ಏನಲ್ಲ. ಆ ಮೊಮ್ಮಗನೂ ಒಮ್ಮೆ ಹಾಗೆ ಉಳಿದ. ತಾತ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ತರಬೇತಿಯಲ್ಲಿ ಅವನಿಗೆ ಜೋಡಿಯಾಗಿರುವ ಹುಡುಗನ ಬಗ್ಗೆ, 'ನಿನ್ನ ಬಡ್ಡಿ ಹೇಗಿದ್ದಾನೆ?'

ನಡುವಿನ ತಲೆಮಾರನ್ನು ಮರೆಯಬಾರದು. 2004ಕ್ಕೆ ಮುಂಚೆ ಇಲ್ಲಿ ಎರಡೂವರೆ ವರ್ಷದವರೆಗೆ ಸೇವೆ ಮಾಡಿದ ನಮ್ಮವರೂ ಇದ್ದಾರೆ. ಈಗ ನಲವತ್ತರ ಆಸುಪಾಸು, ಕೆಲವರು ಇನ್ನೂ ರಿಸರ್ವಿಸ್ಟ್ ಅಂತ ಆಫೀಸಿಗೆ ರಜೆ ಹಾಕಿ ಕ್ಯಾಂಪಿಗೆ ಹೋಗಿ ಬರುತ್ತಾರೆ. ಹೆಣ್ಣುಮಕ್ಕಳಿಗೆ ಇಲ್ಲಿ ಕಡ್ಡಾಯ ಇಲ್ಲ, ಆದರೆ ಸ್ವಂತ ಇಚ್ಛೆಯಿಂದ ಸೇರುವವರಿಗೆ 2014ರಿಂದ ವಾಲಂಟಿಯರ್ ಕೋರ್ ಇದೆ. ಮೊದಲ ತಲೆಮಾರಿನ ಪಿಆರ್ ಅಪ್ಪಂದಿರೂ ಅದಕ್ಕೆ ಅರ್ಜಿ ಹಾಕಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರಲ್ಲಿ ಮಹಿಳಾ ಸೈನಿಕರ ಮೊದಲ ತಂಡ ಹೊರಬಂತು. ಊರಿನಲ್ಲಿ ತಾತನ ಪಕ್ಕದ ಮನೆ ಹುಡುಗ ಈಗ ಅಗ್ನಿವೀರ. ನಾಲ್ಕು ವರ್ಷ, ಆಮೇಲೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮುಂದುವರಿಯುವ ಅವಕಾಶ. ಅವನ ತರಬೇತಿಯ ನೆನಪು ಬೇರೆಯೇ ಥರ ಇರುತ್ತದೆ, ಅವನನ್ನೂ ಕೇಳಬೇಕು.

1960ರ ದಶಕದಲ್ಲಿ ಸೇನೆ ಸೇರಿದವರಲ್ಲಿ ಬಹಳ ಜನ ನಮ್ಮ ನಡುವೆ ಉಳಿದಿಲ್ಲ. ಇರುವವರು ಯುದ್ಧದ ಕಥೆ ಕೇಳಿದರೆ ಹೇಳುತ್ತಾರೆ, ತರಬೇತಿಯ ಕಥೆ ಯಾರಿಗೆ ಬೇಕು ಅಂತ ಸುಮ್ಮನಾಗುತ್ತಾರೆ. ನಮಗೆ ಬೇಕು. ಮುಂದಿನ ಸಂಚಿಕೆಯಿಂದ ಎರಡು ಪುಟ ಇದಕ್ಕೇ ಇಡುತ್ತಿದ್ದೇವೆ. ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಮೊದಲ ರಾತ್ರಿ ಬ್ಯಾರಕ್ಕಿನಲ್ಲಿ ನಿದ್ದೆ ಬಂತಾ, ಉಸ್ತಾದ್ ಯಾವ ಊರಿನವರು, ಕಪ್ಪು ಟ್ರಂಕಿನಲ್ಲಿ ಅಮ್ಮ ಏನಿಟ್ಟಿದ್ದರು, ಮನೆಗೆ ಹಾಕಿದ ಮೊದಲ ಇನ್‌ಲ್ಯಾಂಡ್ ಲೆಟರಿನಲ್ಲಿ ಏನು ಬರೆಯದೆ ಬಿಟ್ಟಿರಿ. ಏಟು ತಿಂದಿದ್ದರೆ ಅದನ್ನೂ ಹೇಳಲಿ, ನಾವು ತಿದ್ದುವುದಿಲ್ಲ. ಟೆಕಾಂಗಿನಿಂದ ಬಂದ ಹುಡುಗರು ಕನ್ನಡದಲ್ಲಿ ಬರೆಯಲು ಕಷ್ಟ ಅಂದರೆ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ಕೇಳಿ ಬರೆದುಕೊಳ್ಳುವ ಕೆಲಸ ಸಂಪಾದಕ ಮಂಡಳಿಯದು.