ನನ್ನ ಮಂಡಿಯ ಸೋಂಕನ್ನು ಹುಡುಕಿ ಹಿಡಿದವರಿಗೆ

ಎರಡನೇ ಬಾರಿ ಕೂರಿಸಿದ ಕೃತಕ ಮಂಡಿಯಲ್ಲಿ ಸೋಂಕಿನ ಸುಳಿವಿಲ್ಲ ಎಂದು ವೈದ್ಯರು ಈ ವಾರ ಹೇಳಿದರು. ಆಂಟಿಬಯಾಟಿಕ್ ನಿಲ್ಲಿಸಿ ಬಹಳ ಕಾಲವಾಯಿತು, ಊರುಗೋಲನ್ನೂ ಬಿಟ್ಟಿದ್ದೇನೆ. ಸುದ್ದಿ ತಿಳಿದವರೆಲ್ಲ ಶಸ್ತ್ರಚಿಕಿತ್ಸಕರನ್ನು ಹೊಗಳಿದರು. ಆ ಹೊಗಳಿಕೆ ಅವರಿಗೆ ಸಲ್ಲತಕ್ಕದ್ದೇ. ಆದರೆ ನಾನು ಮೊದಲು ಕೈಮುಗಿಯಬೇಕಾದದ್ದು, ರೋಗ ಏನೆಂದು ಖಚಿತವಾಗುವವರೆಗೆ ಔಷಧ ಬರೆಯಲು ಒಪ್ಪದವರಿಗೆ.

ಮೊದಲ ಶಸ್ತ್ರಚಿಕಿತ್ಸೆಯ ಗಾಯ ಚೆನ್ನಾಗಿಯೇ ಮಾಗಿತ್ತು. ಜ್ವರವಿಲ್ಲ, ಕೀವಿಲ್ಲ, ಎಕ್ಸ್‌ರೇಯಲ್ಲಿ ಕೀಲು ಸಡಿಲವಾದಂತೆಯೂ ಕಾಣಲಿಲ್ಲ. ನೋವು ಮಾತ್ರ ರಾತ್ರಿ ಮಲಗಿದಾಗಲೂ ಬಿಡುತ್ತಿರಲಿಲ್ಲ. ಒಂದು ಕಡೆ ವಯಸ್ಸಿನ ಕಾರಣ ಕೊಟ್ಟರು, ಇನ್ನೊಂದು ಕಡೆ ಆಂಟಿಬಯಾಟಿಕ್ ಕೊಟ್ಟರು. ಮಾತ್ರೆ ನುಂಗಿದಾಗ ಕೊಂಚ ತಗ್ಗಿದ ನೋವು, ಮಾತ್ರೆ ಮುಗಿದೊಡನೆ ಮರಳುತ್ತಿತ್ತು. ಆಮೇಲೆ ಸಿಕ್ಕ ವೈದ್ಯರು ಕಾಗದಗಳನ್ನೆಲ್ಲ ಓದಿ, ನೋವು ಬಿಡದ ಕೃತಕ ಕೀಲಿನಲ್ಲಿ ಸೋಂಕಿಲ್ಲವೆಂದು ಮೊದಲು ಖಾತ್ರಿಯಾಗಬೇಕು, ಉಳಿದದ್ದು ನಂತರ ಎಂದರು. ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ವೈದ್ಯರು ಅವರೇ. ಆ ದಿನ ನನಗೆ ಅಳು ಬಂದಿತ್ತು.

ಅವರು ಮಾಡಿದ ಮೊದಲ ಕೆಲಸವೆಂದರೆ ಆಂಟಿಬಯಾಟಿಕ್ ನಿಲ್ಲಿಸಿ ಎರಡು ವಾರ ಕಾಯಿಸಿದ್ದು. ಸೋಂಕಿನ ಅನುಮಾನವಿದ್ದೂ ಔಷಧ ನಿಲ್ಲಿಸುವುದೇ ಎಂದು ಮನೆಯವರೆಲ್ಲ ಗಾಬರಿಯಾದರು. ಅವರು ಬೇಸರಿಸದೆ ಬಿಡಿಸಿ ಹೇಳಿದರು: ಬ್ಯಾಕ್ಟೀರಿಯಾಗಳು ಲೋಹ ಮತ್ತು ಪ್ಲಾಸ್ಟಿಕ್‌ಗೆ ಅಂಟಿಕೊಂಡು ಸುತ್ತಲೂ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಮಾತ್ರೆಯು ದ್ರವದಲ್ಲಿ ತೇಲುವವನ್ನು ಕೊಲ್ಲುತ್ತದೆ, ಪದರದೊಳಗಿನವು ಉಳಿಯುತ್ತವೆ. ಆ ಹೊತ್ತಿನಲ್ಲಿ ಕೀಲಿನ ದ್ರವ ತೆಗೆದರೆ ಕಲ್ಚರ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದೆ, ಸೋಂಕೇ ಇಲ್ಲವೆಂಬ ಸುಳ್ಳು ಸಮಾಧಾನ ಸಿಗಬಹುದು. ತುರ್ತು ಸ್ಥಿತಿಯ ರೋಗಿಯನ್ನು ಹೀಗೆ ಕಾಯಿಸುವಂತಿಲ್ಲ ಎಂಬುದನ್ನೂ ಅವರೇ ಹೇಳಿದರು. ನನ್ನದು ನಿಧಾನವಾಗಿ ಒಳಗೊಳಗೇ ಬೆಳೆದ ಸೋಂಕು.

ರಕ್ತದಲ್ಲಿ ಸಿಆರ್‌ಪಿ, ಅಂದರೆ ಉರಿಯೂತವನ್ನು ಸೂಚಿಸುವ ಪ್ರೋಟೀನ್, ಸ್ವಲ್ಪವೇ ಏರಿತ್ತು. ಇಂಥ ಸೋಂಕಿನಲ್ಲಿ ಅದು ಪೂರ್ತಿ ಸಹಜವಾಗಿರುವುದೂ ಉಂಟಂತೆ. ಉತ್ತರ ಸಿಕ್ಕಿದ್ದು ಮಂಡಿಗೆ ಸೂಜಿ ಹಾಕಿ ತೆಗೆದ ದ್ರವದಿಂದ. ಮೈಕ್ರೋಲೀಟರಿಗೆ 3,000ಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳಿದ್ದರೆ ಅಥವಾ ಅವುಗಳಲ್ಲಿ ಬ್ಯಾಕ್ಟೀರಿಯಾಗಳೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣಗಳ ಪಾಲು ಶೇ. 80ನ್ನು ದಾಟಿದರೆ ಸೋಂಕಿನ ಬಲವಾದ ಸೂಚನೆ. ನನ್ನ ವರದಿ ಎರಡನ್ನೂ ದಾಟಿತ್ತು. ಆದರೆ ಕಲ್ಚರ್ ತಟ್ಟೆ ಮೊದಲ ದಿನಗಳಲ್ಲಿ ಖಾಲಿಯೇ ಇತ್ತು.

ಪ್ರಯೋಗಾಲಯದವರೇ, ನಿಮ್ಮ ಹೆಸರು ನನ್ನ ಬಿಡುಗಡೆ ಪತ್ರದಲ್ಲಿ ಎಲ್ಲೂ ಇಲ್ಲ. ನೀವು ಆ ತಟ್ಟೆಯನ್ನು ಎಸೆಯದೆ 14 ದಿನ ಇಟ್ಟು ನೋಡಿದಿರಿ. ಚರ್ಮದ ಮೇಲೆ ನಿರುಪದ್ರವಿಯಾಗಿ ಬದುಕುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಕಂಡಾಗಲೂ ಅವಸರ ಮಾಡಲಿಲ್ಲ. ಅದು ಸೂಜಿಯೊಂದಿಗೆ ಚರ್ಮದಿಂದ ಬಂದದ್ದೂ ಆಗಿರಬಹುದಿತ್ತು. ಹಳೆಯ ಕೀಲನ್ನು ತೆಗೆದ ದಿನ ಶಸ್ತ್ರಚಿಕಿತ್ಸಕರು ಬೇರೆ ಬೇರೆ ಜಾಗಗಳಿಂದ, ಪ್ರತಿ ಸಲವೂ ಹೊಸ ಉಪಕರಣದಿಂದ ಐದು ಅಂಗಾಂಶದ ತುಣುಕುಗಳನ್ನು ಕಳುಹಿಸಿದರು. ಕಳಚಿದ ಕೀಲನ್ನೇ ದ್ರವದಲ್ಲಿಟ್ಟು ಶ್ರವಣಾತೀತ ತರಂಗಗಳಿಂದ ನೀವು ಅದರ ಪದರವನ್ನು ಬಿಡಿಸಿದಿರಿ. ಒಂದಕ್ಕಿಂತ ಹೆಚ್ಚು ಮಾದರಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಸೂಕ್ಷ್ಮದರ್ಶಕದಡಿ ಅಂಗಾಂಶ ನೋಡಿದವರ ವರದಿಯೂ ತಾಳೆಯಾಯಿತು. ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೀವು ಬರೆದ ಪಟ್ಟಿಯೇ ನನ್ನ ಮುಂದಿನ ಚಿಕಿತ್ಸೆಯ ಆಧಾರವಾಯಿತು.

ಒಂದೇ ಪರೀಕ್ಷೆ ಎಲ್ಲವನ್ನೂ ಹೇಳುವ ರೋಗವಲ್ಲ ಇದು. ಅದಕ್ಕಾಗಿಯೇ ಮೂಳೆ-ಕೀಲು ಸೋಂಕಿನ ತಜ್ಞರ ಸಂಘವಾದ ಮಸ್ಕ್ಯುಲೊಸ್ಕೆಲಿಟಲ್ ಇನ್ಫೆಕ್ಷನ್ ಸೊಸೈಟಿ 2011ರಲ್ಲಿ ಈ ಸೋಂಕನ್ನು ಗುರುತಿಸುವ ಮಾನದಂಡಗಳನ್ನು ರೂಪಿಸಿತು. 2018ರಲ್ಲಿ ಪರೀಕ್ಷೆಗಳ ಫಲಿತಾಂಶಕ್ಕೆ ಅಂಕ ಕೊಟ್ಟು ಕೂಡಿಸುವ ಲೆಕ್ಕ ಬಂತು, 2021ರಲ್ಲಿ ಯುರೋಪಿನ ಮೂಳೆ ಮತ್ತು ಕೀಲು ಸೋಂಕಿನ ಸಂಘ ತನ್ನ ವ್ಯಾಖ್ಯೆ ಕೊಟ್ಟಿತು. ಆ ಕೆಲಸ ಮಾಡಿದವರ ಮುಖ ನಾನು ಕಂಡಿಲ್ಲ. ನನ್ನ ವೈದ್ಯರು ಅದರ ಬಲದ ಮೇಲೆ ನಿರ್ಧರಿಸಿದರು ಎಂಬುದು ಗೊತ್ತು, ಹಾಗಾಗಿ ಆ ಕೆಲಸ ಮಾಡಿದವರಿಗೂ ನನ್ನ ವಂದನೆ.

ಹಳೆಯ ಕೀಲು ತೆಗೆದು ಹೊಸದು ಕೂರಿಸುವ ನಡುವಿನ ದಿನಗಳಲ್ಲಿ ಮಂಡಿಯಲ್ಲಿದ್ದದ್ದು ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡು. ಆಗ ನನ್ನನ್ನು ಎಬ್ಬಿಸಿ ಕೂರಿಸಿದ ದಾದಿಯರು, ಒಂದೊಂದು ಹೆಜ್ಜೆ ಕಲಿಸಿದ ಫಿಸಿಯೋಥೆರಪಿಸ್ಟ್, ರಜೆ ಹಾಕಿ ಪಕ್ಕದಲ್ಲಿದ್ದ ಮಕ್ಕಳು, ನಿಮ್ಮ ಋಣ ದೊಡ್ಡದು.

ಕೃತಕ ಕೀಲಿನ ನೋವು ಬಿಡದೆ ನನ್ನಂತೆ ಅಲೆಯುತ್ತಿರುವವರಲ್ಲಿ ಒಂದು ಕೋರಿಕೆ. ಆಂಟಿಬಯಾಟಿಕ್ ಬರೆದುಕೊಟ್ಟರೆ, ಅದಕ್ಕೂ ಮೊದಲು ಕೀಲಿನ ದ್ರವ ಪರೀಕ್ಷಿಸಬೇಕೇ ಎಂದು ಕೇಳಿ. ನನ್ನ ವರದಿಗಳನ್ನು ನೋಡಬೇಕೆನಿಸಿದವರು ತಿಳಿಸಿ, ಸಂತೋಷದಿಂದ ತೋರಿಸುತ್ತೇನೆ.