ಕ್ಲೇರ್‌ಗೆ ಪಿಟೀಲು ಹೊತ್ತು ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯ,

ಐರ್ಲೆಂಡಿನ ಪ್ರವಾಸದಲ್ಲಿ ಒಂದು ವಾರ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್ಬೇ ಊರಿನಲ್ಲಿ ಐರಿಶ್ ಸಂಗೀತ ಕಲಿಸುವ ವಿಲ್ಲಿ ಕ್ಲ್ಯಾನ್ಸಿ ಬೇಸಿಗೆ ಶಾಲೆಗೆ ಮೀಸಲಿಡುತ್ತೀಯಂತೆ, ತುಂಬ ಸಂತೋಷ. ಪಿಟೀಲಂತೂ ತಗೊಂಡು ಹೋಗು. ಆದರೆ ಹೊರಡುವ ಮೊದಲು ತಂತಿಯ ಕೆಲಸ ಮುಗಿಸಬೇಕು.

ನಿನ್ನದು ಸ-ಪ-ಸ-ಪ ಶ್ರುತಿ, ಅಲ್ಲಿಯದು ಜಿ-ಡಿ-ಎ-ಇ. ಇರುವ ತಂತಿಗಳನ್ನೇ ಬಿರಡೆ ತಿರುವಿ ಏರಿಸಬೇಡ. ಎರಡು ಮನೆ ಶ್ರುತಿಯಲ್ಲಿ, ಅಂದರೆ ಷಡ್ಜ ಡಿ ಆದಾಗ, ನಿನ್ನ ಮೇಲಿನ ತಂತಿ ಎ ಯಲ್ಲಿರುತ್ತದೆ. ಅದನ್ನು ಇ ವರೆಗೆ, ಅಂದರೆ ಏಳು ಸ್ವರಸ್ಥಾನ ಎಳೆದರೆ ತುಂಡಾದೀತು. ಪಾಶ್ಚಾತ್ಯ ಶ್ರುತಿಯ ಹೊಸ ಸೆಟ್ ಕೊಂಡು ಒಂದೊಂದೇ ತಂತಿ ಬದಲಿಸು. ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದರೆ ತಂತಿಗಳನ್ನು ಹೊತ್ತ ಕುದುರೆ ಬೀಳುತ್ತದೆ, ಪಿಟೀಲಿನ ಹೊಟ್ಟೆಯೊಳಗೆ ನಿಲ್ಲಿಸಿದ ಕಡ್ಡಿಯೂ ಜಾರಬಹುದು. ಅದನ್ನು ಮತ್ತೆ ನಿಲ್ಲಿಸಲು ರಿಪೇರಿಯವರೇ ಬೇಕು. ಹೊಸ ತಂತಿ ಕೆಲವು ದಿನ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ವಾರ ಮುಂಚೆಯೇ ಹಾಕಿಬಿಡು. ಕುರ್ಚಿಯಲ್ಲಿ ಕೂತು, ಸುರುಳಿಯನ್ನು ಪಾದಕ್ಕೆ ಆನಿಸದೆ, ಭುಜದ ಮೇಲಿಟ್ಟು ನುಡಿಸುವ ಅಭ್ಯಾಸವನ್ನೂ ಈಗಲೇ ಶುರುಮಾಡು.

ಮೊಣಕೈಯಿಂದ ಗಾಳಿ ಒತ್ತಿ ನುಡಿಸುವ ಇಲ್ಲನ್ ಪೈಪಿನ ವಾದಕ ವಿಲ್ಲಿ ಕ್ಲ್ಯಾನ್ಸಿ 1973ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಊರಿನಲ್ಲೇ ಈ ಶಾಲೆ ಆರಂಭವಾಯಿತು. ಪ್ರತಿ ಜುಲೈ ಆರಂಭದಲ್ಲಿ ನಡೆಯುತ್ತದೆ: ಬೆಳಿಗ್ಗೆ ಪಾಠ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಕೇಲಿ ನೃತ್ಯ, ಅದರಾಚೆ ಪಬ್ಬುಗಳಲ್ಲಿ ಎಲ್ಲರೂ ಸೇರಿ ನುಡಿಸುವ ಸೆಷನ್. ಊರು ಚಿಕ್ಕದು, ಕೋಣೆ ಬೇಗ ಮುಗಿಯುತ್ತದೆ. ರೈಲು ಎನ್ನಿಸ್‌ವರೆಗೆ ಮಾತ್ರ, ಅಲ್ಲಿಂದಾಚೆಗೆ ಬಸ್ಸು ಕಡಿಮೆ. ವೇಳೆ ನೋಡಿಕೊಂಡು ಹೊರಡು. ಐರ್ಲೆಂಡ್ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿ ಇಲ್ಲ, ಆ ವೀಸಾ ಅಲ್ಲಿ ನಡೆಯುವುದಿಲ್ಲ.

ಪಾಠದ ಕ್ರಮ ನಿನಗೆ ಹೊಸದಲ್ಲ. ಗುರುಗಳು ಒಂದು ತುಣುಕು ನುಡಿಸುತ್ತಾರೆ, ಎಲ್ಲರೂ ಕೇಳಿ ಹಿಂದಿರುಗಿಸುತ್ತಾರೆ, ಪುಸ್ತಕ ತೆರೆಯುವುದಿಲ್ಲ. ರೀಲ್ ಎಂಬ ಕುಣಿತದ ಧಾಟಿಗೆ ಸಾಮಾನ್ಯವಾಗಿ ಎಂಟೆಂಟು ಬಾರಿನ, ಅಂದರೆ ತಾಳದ ಎಂಟೆಂಟು ಆವರ್ತದ, ಎರಡು ಭಾಗ. ಪ್ರತಿ ಭಾಗವನ್ನು ಎರಡು ಸಲ ನುಡಿಸಿದರೆ 32 ಬಾರ್. ಇಡೀ ಟ್ಯೂನನ್ನು ಎರಡೋ ಮೂರೋ ಸಲ ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಹಾರುತ್ತಾರೆ. ಮೂರನೇ ದಿನಕ್ಕೆ ರೀಲುಗಳೆಲ್ಲ ಒಂದೇ ಥರ ಕೇಳಿಸತೊಡಗುತ್ತವೆ. ಅದಕ್ಕೇ ಪಾಠದ ಕೊನೆಗೆ ಗುರುಗಳ ಅನುಮತಿ ಕೇಳಿ ರೆಕಾರ್ಡ್ ಮಾಡಿಕೋ, ಅದಕ್ಕೆ ಟ್ಯೂನಿನ ಹೆಸರು ಹಾಕು, ಮೊದಲ ಎರಡು ಬಾರುಗಳ ಸ್ವರ ಬರೆದಿಡು. ಷಡ್ಜವನ್ನು ಎಲ್ಲಿ ಹಿಡಿದೆ ಎಂಬುದನ್ನೂ ಗುರುತು ಹಾಕು, ಏಕೆಂದರೆ ಇಲ್ಲಿ ಗ್ರಹಭೇದವೇ, ಅಂದರೆ ಷಡ್ಜ ಬದಲಾದಂತೆ ರಾಗ ಬದಲಾಗುವುದೇ, ನಡೆಯುತ್ತಿರುತ್ತದೆ. ಡಿ ಯಲ್ಲಿ ನಿಂತರೆ ಶಂಕರಾಭರಣ ರಾಗ. ಅವೇ ಸ್ವರಗಳು ಇ ಯಲ್ಲಿ ನೆಲೆಯಾದರೆ ಖರಹರಪ್ರಿಯ, ಎ ಯಲ್ಲಾದರೆ ಹರಿಕಾಂಭೋಜಿ. ಜಿಗ್ ಎಂಬ ಇನ್ನೊಂದು ಕುಣಿತದ ಧಾಟಿ ಅಂದರೆ ತಿಶ್ರ ನಡೆ, ಎರಡು ಮೂರುಗಳು. ಒಂಬತ್ತರ ಸ್ಲಿಪ್ ಜಿಗ್ಗನ್ನು ಮಾತ್ರ ಸಂಕೀರ್ಣ ನಡೆಯೆಂದು ಎಣಿಸಬೇಡ, ಅದು ನಾಲ್ಕು-ಐದಲ್ಲ, ಮೂರು ಮೂರುಗಳು.

ನಿನ್ನ ಕೈ ತಪ್ಪುವುದು ರೋಲ್ ಎಂಬ ಅಲಂಕಾರದಲ್ಲಿ. ಮೂಲ ಸ್ವರ, ಮೇಲಿನ ಬೆರಳಿನ ಚಿಟಿಕೆ, ಮೂಲ ಸ್ವರ, ಕೆಳಗಿನ ಸ್ವರದ ಸ್ಪರ್ಶ, ಮತ್ತೆ ಮೂಲ ಸ್ವರ: ಐದೇ, ಅದೂ ಒಂದು ಸ್ವರದ ಅವಧಿಯೊಳಗೆ. ಚಿಟಿಕೆಯ ಬೆರಳು ತಂತಿಯನ್ನು ಹಲಗೆಗೆ ಒತ್ತಬಾರದು, ಮುಟ್ಟಿ ಬಿಡಬೇಕು, ಅಷ್ಟೇ. ಒತ್ತಿದರೆ ಬೇರೆ ಸ್ವರ ಕೇಳುತ್ತದೆ, ಲಯ ಹಿಂದೆ ಬೀಳುತ್ತದೆ. ಜಾರಿಸಿದರೆ ಗಮಕವಾಗಿಬಿಡುತ್ತದೆ. ಕಮಾನು ನಮ್ಮಷ್ಟು ಉದ್ದ ಬೇಡ, ಚಿಕ್ಕ ಹೊಡೆತಗಳು ಸಾಕು. ಎರಡು ಮೂರು ಸ್ವರಗಳನ್ನು ಒಂದೇ ಎಳೆತದಲ್ಲಿ ಕಟ್ಟುವಾಗ ಆ ಎಳೆತ ತಾಳದ ಪೆಟ್ಟನ್ನು ದಾಟಿ ಹೋಗುತ್ತದೆ. ಅವರು ಲಿಫ್ಟ್ ಎನ್ನುವ ಆ ಎತ್ತುವಿಕೆ ಹುಟ್ಟುವುದು ಅಲ್ಲೇ. ವೇಗ ಅದಕ್ಕೆ ಸಮನಲ್ಲ, ಕ್ಲೇರಿನವರು ನಿಧಾನವಾಗಿ ನುಡಿಸಿಯೂ ಅದನ್ನು ತರುತ್ತಾರೆ.

ಸೆಷನ್‌ನಲ್ಲಿ ಖಾಲಿ ಕುರ್ಚಿ ಕಂಡರೂ ಕೇಳದೆ ಕೂರಬೇಡ. ಗೊತ್ತಿಲ್ಲದ ಟ್ಯೂನಿಗೆ ಸ್ವರ ಹುಡುಕುತ್ತ ನುಡಿಸುವುದು ಎಲ್ಲರಿಗೂ ತೊಂದರೆ, ಪಿಟೀಲನ್ನು ಮಡಿಲಲ್ಲಿಟ್ಟು ಕೇಳು. ಯಾರಾದರೂ ಹಾಡಲು ಶುರುಮಾಡಿದರೆ ಲೋಟ ಇಡುವ ಸದ್ದೂ ಬೇಡ. ಒಂದು ನುಡಿಸು ಎಂದು ಕರೆದರೆ ವರ್ಣಕ್ಕೆ ಕೈಹಾಕದೆ ದೀಕ್ಷಿತರ ನೊಟ್ಟುಸ್ವರ ನುಡಿಸು. ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ರಚನೆಗಳು ಅವು; ಅಲ್ಲಿನ ಕಿವಿಗಳಿಗೆ ಆ ನಡಿಗೆ ಪರಿಚಿತ. ಪುಟ್ಟದಾದ್ದರಿಂದ ಹತ್ತು ಜನರ ಸರದಿಯನ್ನೂ ತಿನ್ನುವುದಿಲ್ಲ.

ಕೇಲಿಯನ್ನು ಮಾತ್ರ ತಪ್ಪಿಸಬೇಡ. ಕುಣಿಯದಿದ್ದರೂ ಗೋಡೆಗೊರಗಿ ಪಾದಗಳನ್ನೇ ನೋಡು. ಬೆಳಿಗ್ಗೆ ಕಲಿತ ರೀಲಿನಲ್ಲಿ ಒತ್ತು ಎಲ್ಲಿ ಬೀಳಬೇಕೆಂದು ಆ ಮರದ ನೆಲವೇ ಹೇಳಿಕೊಡುತ್ತದೆ. ಮಾರನೆಯ ದಿನದ ಪಾಠಕ್ಕೆ ಅದನ್ನು ಕೈಯಲ್ಲಿಟ್ಟುಕೊಂಡು ಹೋಗು.

ಇಂತಿ ನಿನ್ನ ಗೆಳೆಯ