ಯಾವ ವರ್ಷ ಬರ್ತೀಯ?

ಊರು ಬಿಟ್ಟು ದೂರದಲ್ಲಿರುವವರ ನಮ್ಮ ಸಂಘದಲ್ಲಿ ಕೊಡಗಿನವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಇನ್ನು ಸ್ವಲ್ಪ ವರ್ಷ, ಆಮೇಲೆ ಊರಿಗೆ ಹೋಗಿ ತೋಟ ನೋಡ್ಕೊಂಡು ಇರ್ತೀನಿ." ಬೇರೆ ಜಿಲ್ಲೆಯವರದ್ದೂ ಹೆಚ್ಚು ಕಡಿಮೆ ಇದೇ ಕಥೆ. ಒಬ್ಬರಿಗೆ ಅರ್ಧಕ್ಕೆ ನಿಂತ ಓದು ಮುಗಿಸಬೇಕು. ಇನ್ನೊಬ್ಬರಿಗೆ ಮಕ್ಕಳಿಗೆ ಕನ್ನಡ ಓದಲು, ಬರೆಯಲು ಕಲಿಸಬೇಕು. ಎಲ್ಲವೂ ಒಳ್ಳೆಯ ಆಸೆಗಳೇ. ಆದರೆ ಯಾವುದಕ್ಕೂ ಒಂದು ವರ್ಷ ಅಂತ ಗೊತ್ತು ಮಾಡಿಲ್ಲ.

ಈ ಸಂಪಾದಕೀಯವನ್ನು ವಿರಾಜಪೇಟೆ ಹತ್ತಿರದ ನಮ್ಮ ಮನೆಯಿಂದ ಬರೆಯುತ್ತಿದ್ದೇನೆ. ರೊಬಸ್ಟಾ ಕಾಫಿ ಕೊಯ್ಲು ಮುಗಿಯುತ್ತಾ ಬಂದಿದೆ. ಎಲ್ಲರೂ ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಕಾಯುತ್ತಿದ್ದಾರೆ. ಮೊನ್ನೆ ಚಿಕ್ಕಪ್ಪನ ಜೊತೆ ಕೆಳಗಿನ ತೋಟಕ್ಕೆ ಹೋಗಿದ್ದೆ. ಅಲ್ಲಿನ ಗಿಡಗಳಿಗೆ ವಯಸ್ಸಾಗಿದೆ, ಫಸಲು ಕಡಿಮೆ. ಕಿತ್ತು ಹೊಸ ಗಿಡ ಹಾಕಬೇಕು. "ನಾನು ಬಂದ ಮೇಲೆ ಮಾಡೋಣ ಚಿಕ್ಕಪ್ಪ" ಅಂದೆ. "ಬರ್ತೀಯ ಅನ್ನೋದು ಗೊತ್ತು ಮಗಾ. ಯಾವ ವರ್ಷ ಬರ್ತೀಯ, ಅದನ್ನ ಹೇಳು" ಅಂದರು.

ಅವರು ಸಿಟ್ಟಿನಿಂದ ಕೇಳಿದ್ದಲ್ಲ. ಅವರಿಗೆ ಲೆಕ್ಕ ಬೇಕಿತ್ತು. ಕಾಫಿ ಗಿಡ ನೆಟ್ಟರೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಆ ಜಾಗದಿಂದ ಕಾಫಿ ದುಡ್ಡಿಲ್ಲ, ಖರ್ಚು ಮಾತ್ರ. ನಾನು ಬೇಗ ಬರುವುದಾದರೆ ಈಗಲೇ ಗಿಡ ಹಾಕಿಸಬೇಕು. ಹದಿನೈದು ವರ್ಷ ಆಗುತ್ತದೆ ಅಂದರೆ ಹಳೆ ಗಿಡಗಳ ರೆಂಬೆಗಳನ್ನೇ ಸವರಿ, ಗೊಬ್ಬರ ಕೊಟ್ಟು ನಡೆಸಬಹುದು. ಬರುವುದೇ ಇಲ್ಲ ಅಂದರೆ ಗುತ್ತಿಗೆಗೆ ಕೊಡಬಹುದು. ಮೂರೂ ದಾರಿ ಸರಿಯೇ. ಆದರೆ ನಾನು ಏನೂ ಹೇಳದೆ ಇದ್ದರೆ ಅವರು ಯಾವುದನ್ನೂ ಹಿಡಿಯಲಾರರು. ನಾವು ದೂರದಲ್ಲಿ ಕೂತು "ಮುಂದೆ ನೋಡೋಣ" ಅನ್ನುತ್ತೇವೆ. ಇಲ್ಲಿ ವಯಸ್ಸಾದ ಒಬ್ಬರು ಆ ಮಾತು ನಂಬಿಕೊಂಡು ತಮ್ಮ ಕೆಲಸ ಮುಂದಕ್ಕೆ ಹಾಕುತ್ತಿರುತ್ತಾರೆ. ಗುರಿ ನನ್ನೊಬ್ಬನದು ಅಂತ ನಾನು ತಿಳಿದಿದ್ದೆ. ಅದು ಯಾರದ್ದೂ ಒಬ್ಬರದಾಗಿ ಇರುವುದಿಲ್ಲ, ಅಲ್ವಾ?

ತೋಟದಲ್ಲಿ ಯಾರೂ "ಈ ಸಲ ಒಳ್ಳೆ ಫಸಲು ಬರಲಿ" ಅಂದುಕೊಂಡು ಸುಮ್ನೆ ಕೂರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬೇಕು. ಬಿದ್ದು ಒಂದು ವಾರ, ಹತ್ತು ದಿನಕ್ಕೆ ಹೂವು. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಬ್ಯಾಕಿಂಗ್ ಅನ್ನುತ್ತಾರೆ. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಕೆರೆಯಲ್ಲಿ ನೀರು ಉಳಿಸಿಕೊಂಡು, ಪಂಪು ರಿಪೇರಿ ಮಾಡಿಸಿ, ಸ್ಪ್ರಿಂಕ್ಲರ್ ಪೈಪುಗಳನ್ನು ಸಿದ್ಧ ಮಾಡಿ ಇಡುವುದು ಕೈಯಲ್ಲಿದೆ. ಮಳೆಗಾಲಕ್ಕೆ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ರೋಗ ಬಾರದಂತೆ ಬೋರ್ಡೋ ದ್ರಾವಣದ ಸಿಂಪಡಣೆ. ನಡುವೆ ಚಿಗುರು ತೆಗೆಯುವ ಕೆಲಸ. ರೊಬಸ್ಟಾ ಹೂವು ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನವೂ ಈ ತಿಂಗಳು ಏನು ಅನ್ನುವುದು ಚಿಕ್ಕಪ್ಪನಿಗೆ ಗೊತ್ತು. ನಮ್ಮ ಆಸೆಗಳಿಗೆ ಬೇಕಾದದ್ದು ಇದೇ. ವರ್ಷ ಒಂದು, ಈ ತಿಂಗಳ ಕೆಲಸ ಒಂದು.

ಹೇಳಿ ಮಾಡುವುದರ ಬಲ ಎಷ್ಟು ಅಂತ ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಹಾಕಿ ಹಬ್ಬ ನೋಡಿದರೆ ತಿಳಿಯುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ ಆಡಿದ್ದು 60 ಮನೆತನಗಳು. 2024ರಲ್ಲಿ ಕುಂಡ್ಯೋಳಂಡ ಮನೆತನ ನಾಪೋಕ್ಲುವಿನಲ್ಲಿ ನಡೆಸಿದ ಹಬ್ಬಕ್ಕೆ 360 ತಂಡಗಳು ಬಂದವು. ಮುಂದೆ ಯಾವ ಮನೆತನ ನಡೆಸುತ್ತದೆ ಅನ್ನುವುದು ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಒಪ್ಪಿಕೊಂಡ ಮೇಲೆ ಮೈದಾನ, ಹಣ, ಊಟ, ಎಲ್ಲಕ್ಕೂ ಮನೆಯವರು ಓಡಾಡಲೇಬೇಕು. ಪ್ರವಾಹ, ಕೋವಿಡ್ ಬಂದು ಕೆಲವು ವರ್ಷ ಹಬ್ಬ ನಿಂತಿತ್ತು. ಆದರೂ ಕೈ ಬಿಡಲಿಲ್ಲ.

ಹೇಳಿದ ವರ್ಷಕ್ಕೆ ಆಗದಿದ್ದರೆ ಏನು ಅಂತ ಕೆಲವರು ಕೇಳಬಹುದು. ಆಗದೆಯೂ ಇರಬಹುದು. ಕೊಡಗಿನಲ್ಲಿ ಬೆಳೆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2010ರಲ್ಲಿ ಯುಎಸ್ ಓಪನ್ ಪುರುಷರ ಡಬಲ್ಸ್ ಫೈನಲ್ ಸೋತರು. 2023ರಲ್ಲಿ ಮತ್ತೆ ಅದೇ ಫೈನಲ್ ಸೋತರು. ಮಂಡಿ ಸವೆದಿತ್ತು, ಯೋಗದಿಂದ ಸರಿ ಮಾಡಿಕೊಳ್ಳುತ್ತಾ ಬಂದರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ತಡವಾಗುವುದಕ್ಕೆ ನಾವು ಅಷ್ಟು ಹೆದರಬೇಕಾಗಿಲ್ಲ. ದಿನವೇ ಗೊತ್ತು ಮಾಡದ ಕೆಲಸಕ್ಕೆ ತಡವಾಯಿತು ಅನ್ನುವುದೂ ತಿಳಿಯುವುದಿಲ್ಲ, ನನಗೆ ಜಾಸ್ತಿ ಹೆದರಿಕೆ ಅದರದ್ದು.

ಹಾಗಾಗಿ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಸಂಚಿಕೆಗೆ ಎರಡೇ ಸಾಲು ಬರೆದು ಕಳಿಸಿ. ಏನು ಮಾಡಬೇಕು, ಯಾವ ವರ್ಷಕ್ಕೆ, ಅಂತ ಒಂದು ಸಾಲು. ಈ ತಿಂಗಳು ಅದಕ್ಕಾಗಿ ಏನು ಮಾಡುತ್ತೀರಿ ಅಂತ ಇನ್ನೊಂದು. ಕಳಿಸುವ ಮೊದಲು ಮನೆಯವರಿಗೆ ಓದಿ ಹೇಳಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ.

ನನ್ನವು ಇವು. ಮಗಳ ಓದು ಮುಗಿಯುವ 2030ರಲ್ಲಿ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ, ಊರಿಗೆ ಬಂದು ನೆಲೆಸುವುದು. ಚಿಕ್ಕಪ್ಪ ಕೇಳಿದ ದಿನವೇ ರಾತ್ರಿ ಹೆಂಡತಿಗೆ ಫೋನ್ ಮಾಡಿ, ಇಬ್ಬರೂ ಒಪ್ಪಿದ ಮೇಲೆ ಚಿಕ್ಕಪ್ಪನಿಗೆ ಹೇಳಿದ್ದು. ಈ ತಿಂಗಳ ಕೆಲಸ, ಕೆಳಗಿನ ತೋಟದ ಮಣ್ಣನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಪರೀಕ್ಷೆಗೆ ಕೊಡುವುದು. ಮಳೆ ಹಿಡಿದ ಮೇಲೆ ಅರ್ಧ ಭಾಗಕ್ಕೆ ಹೊಸ ಗಿಡ ಹಾಕಿಸುತ್ತೇನೆ ಅಂತ ಚಿಕ್ಕಪ್ಪ ಹೇಳಿದ್ದಾರೆ.